ಪಿಕಪ್ ಹೆಚ್ಚಲು 4.44 ಆಕ್ಸಲ್ ಹಾಕಲೇ?

ಪ್ರಶ್ನೆ: ಲೋಟಸ್ ಸೆವೆನ್ ಮಾದರಿಯ ಹಗುರವಾದ, ಚಾವಣಿಯಿಲ್ಲದ ಎರಡು ಸೀಟಿನ ಕಾರು ಕಟ್ಟುತ್ತಿದ್ದೇನೆ. ಹಳೆಯ ಫೋರ್ಡ್ ಎಸ್ಕಾರ್ಟ್‌ನ ಹಿಂದಿನ ಆಕ್ಸಲ್, ಫೋರ್ಡ್‌ನದೇ ಟೈಪ್ 9 ಐದು ಗೇರಿನ ಗೇರ್‌ಬಾಕ್ಸ್, 100 ಅಶ್ವಶಕ್ತಿ ಆಸುಪಾಸಿನ 1.6 ಲೀಟರ್ ಎಂಜಿನ್, 185/60 ಆರ್13 ಟೈರು. ಪಿಕಪ್ ಬೇಕಿದ್ದರೆ 4.44 ಅನುಪಾತ ಹಾಕು ಎನ್ನುತ್ತಾರೆ. ಹಾಕಲೇ?

ಬೇಡ. ರಸ್ತೆಯಲ್ಲಿ ಓಡಿಸುವ ಕಾರಿಗೆ 3.89 ಸಾಕು. 3.54 ಸಿಕ್ಕರೆ ಇನ್ನೂ ವಾಸಿ.

3.89 ಅಂದರೆ ಆಕ್ಸಲ್ ಒಳಗಿನ ದೊಡ್ಡ ಹಲ್ಲುಚಕ್ರವಾದ ಕ್ರೌನ್ ವೀಲಿಗೆ 35 ಹಲ್ಲು, ಅದನ್ನು ತಿರುಗಿಸುವ ಪುಟ್ಟ ಪಿನಿಯನ್‌ಗೆ 9. ಚಕ್ರ ಒಂದು ಸುತ್ತು ಬರಲು, ಗೇರ್‌ಬಾಕ್ಸಿನಿಂದ ಆಕ್ಸಲ್‌ಗೆ ಬರುವ ಪ್ರೊಪೆಲ್ಲರ್ ಶಾಫ್ಟ್ 3.89 ಸುತ್ತು ತಿರುಗಬೇಕು. ಸಂಖ್ಯೆ ದೊಡ್ಡದಾದಷ್ಟೂ ಎಳೆತ ಹೆಚ್ಚು, ವೇಗ ಕಡಿಮೆ. ಇಲ್ಲಿಯವರೆಗೆ ನಿಮಗೆ ಸಲಹೆ ಕೊಟ್ಟವರು ಹೇಳಿದ್ದು ಸರಿಯೇ. ಅವರು ಮರೆತದ್ದು ಗೇರ್‌ಬಾಕ್ಸನ್ನು.

ಗೇರಿಗೂ ಇಂಥದೇ ಅನುಪಾತವಿದೆ, ಆ ಶಾಫ್ಟಿನ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತು ಎಂಬುದು. ಟೈಪ್ 9ರ ಮೊದಲ ಗೇರು 3.65, ಎರಡನೆಯದು 1.97, ನಾಲ್ಕನೆಯದು ನೇರ 1.00, ಐದನೆಯದು 0.82. ಮೊದಲ ಗೇರನ್ನು ಇಷ್ಟು ಗಿಡ್ಡ (ಅಂದರೆ ಅನುಪಾತ ದೊಡ್ಡದು) ಮಾಡಿದ್ದು ಸಂಸಾರ, ಸಾಮಾನು ಎಲ್ಲ ತುಂಬಿಕೊಂಡ ಭಾರದ ಕಾರು ಏರಿನಲ್ಲೂ ಹೊರಡಲಿ ಎಂದು. ನಿಮ್ಮ ಕಾರು ತೂಗುವುದು 600 ಕಿಲೋ ಸುತ್ತಮುತ್ತ. ಅದಕ್ಕೆ ಆ ಗೇರೇ ಅತಿಯಾಯಿತು, ಮೇಲೆ 4.44 ಬೇರೆ ಸೇರಿಸಿದರೆ ಹೊರಡುವಾಗ ಟೈರು ಗಿರಗಿರನೆ ತಿರುಗುವುದೊಂದೇ ಲಾಭ.

ಲೆಕ್ಕ ಹಾಕಿ ನೋಡೋಣ. ನಿಮ್ಮ ಟೈರಿನ ವ್ಯಾಸ 552 ಮಿ.ಮೀ. ಭಾರಕ್ಕೆ ತುಸು ಅಮುಕಿಕೊಳ್ಳುವುದರಿಂದ ಒಂದು ಸುತ್ತಿಗೆ ಅದು ಕ್ರಮಿಸುವುದು ಸುಮಾರು 1.68 ಮೀಟರ್. ಇದನ್ನು 60ರಿಂದ ಗುಣಿಸಿ, ಬಂದದ್ದನ್ನು ಗೇರಿನ ಅನುಪಾತದಿಂದಲೂ ಆಕ್ಸಲ್‌ನ ಅನುಪಾತದಿಂದಲೂ ಭಾಗಿಸಿದರೆ, ಎಂಜಿನ್‌ನ ಪ್ರತಿ 1000 ಆರ್‌ಪಿಎಂಗೆ (ನಿಮಿಷಕ್ಕೆ ಬರುವ ಸುತ್ತುಗಳು) ಗಂಟೆಗೆ ಎಷ್ಟು ಕಿ.ಮೀ. ಎಂಬುದು ಸಿಗುತ್ತದೆ. ಟೈರಿನ ಅಳತೆ ಬದಲಾದರೆ ಈ ಲೆಕ್ಕವೆಲ್ಲ ಬದಲು. ಹಾಗಾಗಿ ಚಕ್ರ ಯಾವುದೆಂದು ಗೊತ್ತಾಗುವ ಮೊದಲು ಆಕ್ಸಲ್ ಕೊಳ್ಳಬೇಡಿ.

4.44 ಇದ್ದರೆ 6500 ಆರ್‌ಪಿಎಂ ಮುಟ್ಟುವಾಗ ಮೊದಲ ಗೇರಿನಲ್ಲಿ ಬರುವ ವೇಗ ಬರೀ 40 ಕಿ.ಮೀ. 3.89ಕ್ಕೆ 46, 3.54ಕ್ಕೆ 51. ಪಿಕಪ್‌ನ ಗುಟ್ಟು ಇರುವುದೇ ಇಲ್ಲಿ. ಗಂಟೆಗೆ 45 ಕಿ.ಮೀ. ವೇಗದಲ್ಲಿ 3.89ರ ಕಾರು ಇನ್ನೂ ಮೊದಲ ಗೇರಿನಲ್ಲಿದೆ, ಗೇರು ಮತ್ತು ಆಕ್ಸಲ್ ಗುಣಿಸಿದ ಒಟ್ಟು ಅನುಪಾತ 14.2. 4.44ರ ಕಾರು ಆಗಲೇ ಎರಡನೆಯದಕ್ಕೆ ಬಂದಾಗಿದೆ, ಅದರ ಒಟ್ಟು ಅನುಪಾತ 8.75. ಆ ಕ್ಷಣಕ್ಕೆ ಜೋರಾಗಿ ಎಳೆಯುವುದು ಯಾವುದು ಎಂದು ನೀವೇ ಹೇಳಿ. ಎರಡೂ ಕಾರು ಒಂದೇ ಗೇರಿನಲ್ಲಿರುವ ಕಡೆಯೆಲ್ಲ 4.44ಕ್ಕೆ 14 ಶೇಕಡಾ ಲಾಭ ಇದೆ, ನಿಜ. ಆದರೆ ಬೇಗ ಬೇಗ ಗೇರು ಬದಲಿಸುವುದರಲ್ಲಿ ಅದರ ಒಂದು ಪಾಲು ಕರಗಿಹೋಗುತ್ತದೆ. ಆಕ್ಸಲ್ ಎಂಜಿನ್ನಿಗೆ ಅಶ್ವಶಕ್ತಿ ಕೂಡಿಸುವುದಿಲ್ಲವಲ್ಲ.

ಇನ್ನು ಗರಿಷ್ಠ ವೇಗ. ಸೆವೆನ್ ನೋಡಲು ಚೂಪು, ಗಾಳಿಯ ಮಟ್ಟಿಗೆ ಮಾತ್ರ ಇಟ್ಟಿಗೆ. ಹೊರಗೆ ನಿಂತ ಚಕ್ರ, ಮಡ್‌ಗಾರ್ಡ್, ನೆಟ್ಟಗಿನ ಗಾಜು ಎಲ್ಲ ಸೇರಿ 100 ಅಶ್ವಶಕ್ತಿಯನ್ನು 160–170 ಕಿ.ಮೀ. ಆಸುಪಾಸಿನಲ್ಲಿ ನುಂಗಿಬಿಡುತ್ತವೆ. ಆಮೇಲೆ ಹತ್ತು ಶೇಕಡಾ ಹೆಚ್ಚು ವೇಗ ಬೇಕೆಂದರೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಹೆಚ್ಚು ಶಕ್ತಿ ಬೇಕು. ನಾಲ್ಕನೇ ಗೇರಿನಲ್ಲಿ 6000 ಆರ್‌ಪಿಎಂಗೆ 3.54 ಕೊಡುವುದು 171, 3.89 ಕೊಡುವುದು 155. ಅಂದರೆ ಈ ಎರಡರಲ್ಲೂ ಓಟದ ಕೆಲಸ ಬಹುಪಾಲು ನಾಲ್ಕರಲ್ಲೇ ಮುಗಿಯುತ್ತದೆ, ಐದನೆಯದು ಆರಾಮಕ್ಕೆ ಉಳಿಯುತ್ತದೆ. 4.44ರಲ್ಲಿ ನಾಲ್ಕನೆಯದು 136ಕ್ಕೇ ಮುಗಿದು, ಐದನೆಯದೇ ಓಟದ ಗೇರಾಗುತ್ತದೆ. ಐದರಲ್ಲಿ 100 ಕಿ.ಮೀ. ವೇಗಕ್ಕೆ ಎಂಜಿನ್ 3600 ಸುತ್ತು ಗುಂಯ್‌ಗುಡುತ್ತದೆ, 3.54ರಲ್ಲಿ ಅದೇ ವೇಗಕ್ಕೆ 2900 ಸಾಕು. ಚಾವಣಿಯಿಲ್ಲದ ಕಾರಿನಲ್ಲಿ ಎರಡು ಗಂಟೆ ಕೂತರೆ ಈ 700ರ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ.

ಸಣ್ಣ ತಿರುವುಗಳ ಸ್ಪರ್ಧೆಗೆ ಮಾತ್ರ ಕಟ್ಟುತ್ತಿದ್ದೀರಾದರೆ 4.44 ತಪ್ಪಲ್ಲ. ಆಗಲೂ ಉದ್ದನೆಯ (ಅನುಪಾತ ಚಿಕ್ಕದಾದ) ಮೊದಲ ಗೇರಿನ ಕಿಟ್ ಜೊತೆಗಿರಲಿ.

ಕ್ರೌನ್ ವೀಲ್, ಪಿನಿಯನ್ ಯಾವಾಗಲೂ ಜೋಡಿಯಾಗಿಯೇ ಬದಲಾಗಬೇಕು. ಹಲ್ಲುಗಳ ನಡುವಿನ ಸಡಿಲವನ್ನು ಡಯಲ್ ಗೇಜ್ ಇಟ್ಟು, ಶಿಮ್ (ತೆಳು ಲೋಹದ ಬಿಲ್ಲೆ) ಕೂರಿಸಿ ಹೊಂದಿಸುವುದು ಅಭ್ಯಾಸವಿಲ್ಲದ ಕೈಗೆ ಒಗ್ಗುವ ಕೆಲಸವಲ್ಲ. ಈ ಜೋಡಿ ಕೂತಿರುವ, ಎರಡೂ ಚಕ್ರಕ್ಕೆ ತಿರುಗುವಿಕೆ ಹಂಚುವ ಡಿಫರೆನ್ಷಿಯಲ್ಲನ್ನೇ ಜೋಡಿಸಿಟ್ಟದ್ದನ್ನು ಇಡಿಯಾಗಿ ಕೊಳ್ಳಿ. ಅನುಪಾತ ಬದಲಾದರೆ ಸ್ಪೀಡೋಮೀಟರ್ ಸುಳ್ಳು ಹೇಳತೊಡಗುತ್ತದೆ ಎಂಬುದೂ ನೆನಪಿರಲಿ.

ಹಳೆಯ ಆಕ್ಸಲ್ ಕೊಳ್ಳುವಾಗ ಮಾರುವವರ ಮಾತನ್ನು ನಂಬಬೇಡಿ, ಎಣಿಸಿ. ಒಂದು ಬದಿಯ ಹಬ್ (ಚಕ್ರ ಕೂರುವ ತುದಿ) ಅಲುಗದಂತೆ ಹಿಡಿಸಿ, ಇನ್ನೊಂದನ್ನು ಸರಿಯಾಗಿ 20 ಸುತ್ತು ತಿರುಗಿಸಿ. ಒಂದು ಬದಿ ನಿಂತಿರುವುದರಿಂದ ಕ್ರೌನ್ ವೀಲ್ ತಿರುಗುವುದು ಅದರ ಅರ್ಧ, 10 ಸುತ್ತು. ಅಷ್ಟರಲ್ಲಿ ಪಿನಿಯನ್ 38.9 ಸುತ್ತು ಬಂದರೆ ಅದು 3.89, ಮೂವತ್ತೈದೂವರೆಗೆ ನಿಂತರೆ 3.54. ಎರಡೇ ಸುತ್ತು ತಿರುಗಿಸಿ ಅಂದಾಜು ಮಾಡಿದರೆ 3.77ಕ್ಕೂ 3.89ಕ್ಕೂ ವ್ಯತ್ಯಾಸ ತಿಳಿಯದು.