ಗಾಲ್ಫ್ ಕಲಿಯುವವರಿಗೆ: ಡ್ರೈವರ್ ಆಮೇಲೆ, ಮೊದಲು ಪಟರ್

ನಮ್ಮ ನಾಲ್ಕು ಜನರ ಗುಂಪಿಗೆ ಈಗ ಹೊಸಬರು ಸೇರುತ್ತಿದ್ದಾರೆ. ಎಲ್ಲರದ್ದೂ ಒಂದೇ ಪ್ರಶ್ನೆ, ಕ್ಲಬ್ಬುಗಳ (ಚೆಂಡು ಹೊಡೆಯುವ ಕೋಲುಗಳ) ಯಾವ ಸೆಟ್ ತಗೊಳ್ಳೋದು ಅಂತ. ಡ್ರೈವರ್ ಅಂದರೆ ಚೆಂಡನ್ನು ದೂರಕ್ಕೆ ಹೊಡೆಯುವ ಉದ್ದನೆಯ ಕ್ಲಬ್, ಪಟರ್ ಅಂದರೆ ಕೊನೆಗೆ ಚೆಂಡನ್ನು ಹೋಲ್ ಅನ್ನುವ ಗುಂಡಿಗೆ ಉರುಳಿಸುವ ಕ್ಲಬ್. ಕ್ರಿಕೆಟ್ ಬ್ಯಾಟ್ ಬೇಕಂದ್ರೆ ದಾವಣಗೆರೆಯಲ್ಲೇ ಅಂಗಡಿಗೆ ಹೋಗಿ ನಾಲ್ಕು ಬ್ಯಾಟ್ ಬೀಸಿ ನೋಡಿ ಒಂದನ್ನು ಆರಿಸಬಹುದು. ಗಾಲ್ಫ್‌ಗೆ ಆ ಸುಖ ಇಲ್ಲ. ನಾವೆಲ್ಲ ಫೋನಿನಲ್ಲಿ ಫೋಟೋ ನೋಡಿ ತರಿಸಿದವರೇ, ಇಲ್ಲವೇ ಬೆಂಗಳೂರಿಗೆ ಹೋದಾಗ ಹೊತ್ತು ತಂದವರು. ಹಾಗಾಗಿ ಓದಿದ್ದು, ಕೇಳಿದ್ದು, ದುಡ್ಡು ಕಳೆದುಕೊಂಡು ಕಲಿತದ್ದು ಎಲ್ಲ ಇಲ್ಲಿದೆ. ಬಲಗೈಯವರ ಲೆಕ್ಕದಲ್ಲಿ ಬರೆದಿದ್ದೇನೆ, ಎಡಚರು ತಿರುಗಿಸಿ ಓದಿಕೊಳ್ಳಿ.

ಮೊದಲು ಒಂದು ಲೆಕ್ಕ ಮಾಡೋಣ. 18 ಹೋಲ್‌ಗಳ ಗಾಲ್ಫ್ ಕೋರ್ಸಿನ, ಅಂದರೆ ಮೈದಾನದ, ಪಾರ್ ಸಾಮಾನ್ಯವಾಗಿ 72. ಪಾರ್ ಅಂದರೆ ಪಳಗಿದ ಆಟಗಾರ ಎಷ್ಟು ಹೊಡೆತದಲ್ಲಿ ಮುಗಿಸಬೇಕು ಅನ್ನುವ ಸಂಖ್ಯೆ. ಆ ಸಂಖ್ಯೆಯೊಳಗೆ ಪ್ರತಿ ಹೋಲ್‌ಗೆ ಎರಡು ಪಟ್ (ಪಟರ್‌ನ ಹೊಡೆತ) ಅಂತ ಮೊದಲೇ ಹಿಡಿದಿರುತ್ತಾರೆ. ಪಾರ್ 3 ಅಂದರೆ ಒಂದೇ ಹೊಡೆತಕ್ಕೆ ಚೆಂಡು ಗ್ರೀನ್ (ಹೋಲ್ ಸುತ್ತಲಿನ ನುಣುಪಾಗಿ ಕತ್ತರಿಸಿದ ಹುಲ್ಲು) ಮೇಲೆ ಬರಬೇಕು, ಆಮೇಲೆ ಎರಡು ಪಟ್. ಪಾರ್ 4ಕ್ಕೆ ಎರಡು ಹೊಡೆತ, ಎರಡು ಪಟ್. ಈಗ 18ನ್ನು ಎರಡರಿಂದ ಗುಣಿಸಿ, 36 ಬಂತು. ಅರ್ಧ ಆಟ ಪಟರ್‌ನದ್ದೇ! ಡ್ರೈವರ್ ಎಷ್ಟು ಸಲ ಬೇಕು? ಪಾರ್ 3 ಹೋಲ್‌ಗಳು ಸಾಮಾನ್ಯವಾಗಿ ನಾಲ್ಕಿರುತ್ತವೆ, ಅಲ್ಲಿ ಅದಕ್ಕೆ ಕೆಲಸ ಇಲ್ಲ. ಉಳಿದದ್ದು ಹೆಚ್ಚೆಂದರೆ 14 ಸಲ.

ನಾನು ಮೊದಲು ತಂದದ್ದು ಡ್ರೈವರ್.

ಅದೂ ಸೆಕೆಂಡ್ ಹ್ಯಾಂಡ್, ಫೋಟೋದಲ್ಲಿ ಫಳಫಳ ಹೊಳೆಯುತ್ತಿತ್ತು. ಶಾಫ್ಟ್, ಅಂದರೆ ಕ್ಲಬ್ಬಿನ ಕೋಲಿನ, ಮೇಲೆ ಎಕ್ಸ್ ಅಂತ ಅಕ್ಷರ ಇತ್ತು, ಏನೋ ಎಕ್ಸ್‌ಟ್ರಾ ಚೆನ್ನಾಗಿರುತ್ತೆ ಅಂದುಕೊಂಡೆ. ಅದು ಶಾಫ್ಟ್ ಎಷ್ಟು ಬಾಗುತ್ತದೆ ಅನ್ನುವ ಗುರುತು. ಎಲ್, ಎ, ಆರ್, ಎಸ್, ಎಕ್ಸ್, ಹೀಗೆ ಮೆತ್ತಗಿನದರಿಂದ ಬಿರುಸಿನ ಕಡೆಗೆ ಹೋಗುತ್ತದೆ. ಎಕ್ಸ್ ಇರುವುದು ತುಂಬಾ ವೇಗವಾಗಿ ಬೀಸುವವರಿಗೆ. ನನ್ನಂಥ ಹೊಸಬನ ಕೈಯಲ್ಲಿ ಅಂಥ ಶಾಫ್ಟ್ ಬಾಗುವುದೇ ಇಲ್ಲ, ಚೆಂಡು ಮೇಲೇಳದೆ ಬಲಕ್ಕೆ ಓಡಿಹೋಗುತ್ತದೆ. ನಮ್ಮಲ್ಲಿ ಜಾಸ್ತಿ ಜನಕ್ಕೆ ಆರ್ ಸರಿಹೋಗುತ್ತದೆ, ನಿಧಾನವಾಗಿ ಬೀಸುವವರಿಗೆ ಎ. ಮಾರಿದವನದ್ದೇನೂ ತಪ್ಪಿಲ್ಲ ಬಿಡಿ, ಅಕ್ಷರ ಫೋಟೋದಲ್ಲೇ ಕಾಣುತ್ತಿತ್ತು.

ಡ್ರೈವರ್ ಯಾಕೆ ಕಷ್ಟ ಅಂತ ಗೊತ್ತಾಗಬೇಕಾದರೆ ಲಾಫ್ಟ್ ಗೊತ್ತಿರಬೇಕು. ಕ್ಲಬ್ಬಿನ ಮುಖ ಎಷ್ಟು ಹಿಂದಕ್ಕೆ ವಾಲಿದೆ ಅನ್ನುವುದೇ ಲಾಫ್ಟ್. ಐರನ್ ಅಂದರೆ ಚಪ್ಪಟೆ ಲೋಹದ ತಲೆಯ, ಸಂಖ್ಯೆ ಹಾಕಿರುವ ಕ್ಲಬ್, ವೆಡ್ಜ್ ಅಂದರೆ ಹತ್ತಿರದಿಂದ ಎತ್ತರಕ್ಕೆ ಹೊಡೆಯುವ ಕ್ಲಬ್. ಡ್ರೈವರ್‌ನಲ್ಲಿ 9ರಿಂದ 12 ಡಿಗ್ರಿ, ಈಗಿನ 7 ಐರನ್‌ನಲ್ಲಿ ಸುಮಾರು 30ರಿಂದ 34, ಪಿಚಿಂಗ್ ವೆಡ್ಜ್‌ನಲ್ಲಿ 44ರಿಂದ 48, ಸ್ಯಾಂಡ್ ವೆಡ್ಜ್‌ನಲ್ಲಿ 54ರಿಂದ 56. ಲಾಫ್ಟ್ ಜಾಸ್ತಿ ಇದ್ದಷ್ಟೂ ಚೆಂಡು ಹಿಂದಕ್ಕೆ ಸುತ್ತುತ್ತಾ ಎತ್ತರಕ್ಕೆ ಹೋಗುತ್ತದೆ, ಪಕ್ಕಕ್ಕೆ ತಿರುಗುವುದು ಕಮ್ಮಿ. ಲಾಫ್ಟ್ ಕಮ್ಮಿ ಇದ್ದರೆ ಮುಖ ಒಂಚೂರು ತೆರೆದಿದ್ದರೂ (ಬಲಕ್ಕೆ ತಿರುಗಿದ್ದರೂ) ಚೆಂಡು ಬಾಳೆಹಣ್ಣಿನ ಹಾಗೆ ಬಲಕ್ಕೆ ಬಾಗುತ್ತದೆ. ಇದೇ ಸ್ಲೈಸ್. ಅದರ ಮೇಲೆ ಡ್ರೈವರ್ ಸುಮಾರು 45 ಇಂಚು ಉದ್ದ, 7 ಐರನ್ 37 ಇಂಚಿನ ಆಸುಪಾಸು. ಉದ್ದದ ಕೋಲಿನ ತುದಿಯಲ್ಲಿ ಸಣ್ಣ ಗುರಿ ಮುಟ್ಟುವುದು ಎಷ್ಟು ಕಷ್ಟ ಅಂತ ಹುಣಸೆಕಾಯಿ ಉದುರಿಸಿದವರಿಗೆ ಹೇಳಬೇಕಾಗಿಲ್ಲ.

ಒಂದು ಎಚ್ಚರಿಕೆ: ಹಳೇ ಸೆಟ್ಟಿನ 7ಕ್ಕೂ ಹೊಸ ಸೆಟ್ಟಿನ 7ಕ್ಕೂ ಲಾಫ್ಟ್ ಒಂದೇ ಅಲ್ಲ. ಹಳೆಯದರಲ್ಲಿ 35, 36 ಡಿಗ್ರಿ ಇರುತ್ತಿತ್ತು. ಗೆಳೆಯನ 7 ನಿಮ್ಮದಕ್ಕಿಂತ ದೂರ ಹೋಯಿತು ಅಂತ ಬೇಜಾರಾಗಬೇಡಿ, ಮೊದಲು ಡಿಗ್ರಿ ಕೇಳಿ.

ಉದ್ದದ ವಿಷಯದಲ್ಲಿ ನನಗೆ ಪಾಠ ಹೇಳಿದ್ದು ನಮ್ಮಪ್ಪ. ಅವರು ಗಾಲ್ಫ್ ನೋಡಿದವರೇ ಅಲ್ಲ. ನನ್ನ ಐರನ್ ಕೈಗೆ ತಗೊಂಡು ನೆಲಕ್ಕೆ ಊರಿದರು. "ಕಾವು ನಿನಗೆ ಗಿಡ್ಡ ಆಯ್ತಲ್ಲೋ, ಗುದ್ದಲಿ ಆಗಿದ್ರೆ ಸಂಜೆಗೆ ನಿನ್ನ ಸೊಂಟ ಬಿದ್ದೋಗಿರೋದು" ಅಂದರು. ಆಮೇಲೆ ಅಡಿಭಾಗ ನೋಡಿ, "ಇದು ಮೂಲೆಯಲ್ಲಿ ಕಚ್ಚುತ್ತೆ" ಅಂದರು. ಗಾಲ್ಫ್‌ನವರು ಲೈ ಆಂಗಲ್ ಅನ್ನುವುದು ಇದಕ್ಕೇ! ಕ್ಲಬ್ ಹಿಡಿದು ನಿಂತಾಗ ತಲೆಯ ಅಡಿಭಾಗ ನೆಲಕ್ಕೆ ಸಮನಾಗಿ ಕೂರಬೇಕು. ತಲೆಯ ಹಿಮ್ಮಡಿ, ಅಂದರೆ ಶಾಫ್ಟ್ ಸೇರುವ ಕಡೆ, ನೆಲ ಕಚ್ಚಿದರೆ ಚೆಂಡು ಎಡಕ್ಕೆ ಹೋಗುತ್ತದೆ, ತುದಿ ಕಚ್ಚಿದರೆ ಬಲಕ್ಕೆ. ಆನ್‌ಲೈನಿನಲ್ಲಿ ತರಿಸುವ ಮುಂಚೆ ನೆಟ್ಟಗೆ ನಿಂತು ಮಣಿಕಟ್ಟಿನಿಂದ ನೆಲಕ್ಕೆ ಎಷ್ಟು ಅಂತ ಟೇಪಿನಲ್ಲಿ ಅಳೆದುಕೊಳ್ಳಿ. ಬರೀ ಎತ್ತರ ಸಾಲದು, ಕೈ ಉದ್ದ ಇರುವವರಿಗೆ ಗಿಡ್ಡ ಕ್ಲಬ್ಬೇ ಸಾಕಾಗುತ್ತದೆ.

ಐರನ್‌ಗಳಲ್ಲಿ ಎರಡು ಜಾತಿ. ಹಿಂಭಾಗ ತುಂಬಿಕೊಂಡು ಸಪಾಟಾಗಿರುವುದು ಬ್ಲೇಡ್, ಹಿಂಭಾಗ ಗುಳಿ ಬಿದ್ದಿರುವುದು ಕ್ಯಾವಿಟಿ ಬ್ಯಾಕ್. ಕಣ್ಣು ಮುಚ್ಚಿಕೊಂಡು ಕ್ಯಾವಿಟಿ ಬ್ಯಾಕ್ ತನ್ನಿ. ಅದರಲ್ಲಿ ಭಾರವನ್ನು ನಡುವಿನಿಂದ ತೆಗೆದು ಅಂಚಿಗೆ ಹಾಕಿರುತ್ತಾರೆ. ಹೆಗಲ ಮೇಲೆ ಅಡ್ಡೆ ಹೊತ್ತವನನ್ನು ನೆನಪಿಸಿಕೊಳ್ಳಿ. ಎರಡೂ ತುದಿಯಲ್ಲಿ ಭಾರ ಇರುವುದರಿಂದ ಅವನು ಗಿರ್ರನೆ ತಿರುಗಲಾರ. ಹಾಗೆಯೇ ಚೆಂಡು ನಡುವಿಗೆ ಬೀಳದೆ ಪಕ್ಕಕ್ಕೆ ತಗುಲಿದರೂ ಕ್ಲಬ್ಬಿನ ತಲೆ ಜಾಸ್ತಿ ತಿರುಚುವುದಿಲ್ಲ. ಈ ಉಪಾಯವನ್ನು ಜನಪ್ರಿಯ ಮಾಡಿದವರು ಕಾರ್ಸ್ಟನ್ ಸೋಲ್ಹೈಮ್ ಅನ್ನುವ ಎಂಜಿನಿಯರ್. ತನಗೆ ಪಟಿಂಗ್ ಸರಿಯಾಗಿ ಬರುತ್ತಿಲ್ಲ ಅಂತ ಅವರೇ ಒಂದು ಪಟರ್ ಮಾಡಿಕೊಂಡರು, ಭಾರ ಎರಡು ತುದಿಗೆ. ಚೆಂಡು ಹೊಡೆದಾಗ ಪಿಂಗ್ ಅಂತ ಸದ್ದು ಬರುತ್ತಿತ್ತು. 1959ರ ಆ ಪಟರ್‌ನಿಂದಲೇ ಪಿಂಗ್ ಕಂಪನಿ ಹುಟ್ಟಿದ್ದು. ನೋಡಿ, ಇಲ್ಲೂ ಶುರುವಾದದ್ದು ಪಟರ್‌ನಿಂದ.

ಹಾಗಾದರೆ ಏನೇನು ತರಬೇಕು? ಪಟರ್, 7 ಐರನ್, ಪಿಚಿಂಗ್ ವೆಡ್ಜ್. ಮೂರೇ. ಎರಡು ಮೂರು ತಿಂಗಳು ಇದರಲ್ಲೇ ಕಳೆಯಿರಿ. ಆಮೇಲೆ 9 ಐರನ್, ಒಂದು ಹೈಬ್ರಿಡ್ (ಉದ್ದದ ಐರನ್ ಬದಲಿಗೆ ಬಳಸುವ ಸುಲಭದ ಕ್ಲಬ್), ಸ್ಯಾಂಡ್ ವೆಡ್ಜ್. ಡ್ರೈವರ್ ಕೊನೆಗೆ, ಅದೂ 10.5 ಡಿಗ್ರಿಗಿಂತ ಕಮ್ಮಿ ಬೇಡ. ನಿಯಮದಲ್ಲಿ 14 ಕ್ಲಬ್ ಅಂತ ಇರುವುದು ಗರಿಷ್ಠ ಮಿತಿ, ಅಷ್ಟೂ ಇರಲೇಬೇಕು ಅಂತಲ್ಲ. ಹಳೇದು ಕೊಳ್ಳುವಾಗ ಗ್ರಿಪ್ಪನ್ನು ಉಗುರಿನಿಂದ ಒತ್ತಿ ನೋಡಿ. ಕಲ್ಲಿನಂತಾಗಿದ್ದರೆ ಬದಲಿಸಬೇಕಾಗುತ್ತದೆ, ಆ ಖರ್ಚನ್ನೂ ಸೇರಿಸಿಕೊಳ್ಳಿ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ಬ್ಯಾಗ್ ಬಿಟ್ಟರೆ ಹೊಸ ಗ್ರಿಪ್ಪೂ ಬೇಗ ಹಾಳಾಗುತ್ತದೆ.

ಸ್ಯಾಂಡ್ ವೆಡ್ಜ್ ಯಾಕೆ ಆಮೇಲೆ ಅಂದೆ ಗೊತ್ತಾ? ಅದರ ಅಡಿಭಾಗ ಉಬ್ಬಿರುತ್ತದೆ, ಅದಕ್ಕೆ ಬೌನ್ಸ್ ಅಂತಾರೆ. ಮರಳಿನಲ್ಲಿ ಹೂತುಹೋಗದೆ ಜಾರಲಿ ಅಂತ ಹಾಗೆ ಮಾಡಿರುವುದು. ಆದರೆ ನಾವು ಅಭ್ಯಾಸ ಮಾಡುವುದು ಎಲ್ಲಿ? ಮೆಕ್ಕೆಜೋಳ ಕಟಾವಾದ ಹೊಲದಲ್ಲಿ, ಒಣಗಿ ಬಿರಿದ ನೆಲದ ಮೇಲೆ. ಅಲ್ಲಿ ಆ ಉಬ್ಬು ನೆಲಕ್ಕೆ ಬಡಿದು ಪುಟಿಯುತ್ತದೆ, ಕ್ಲಬ್ಬಿನ ಅಂಚು ಚೆಂಡಿನ ಹೊಟ್ಟೆಗೆ ಬೀಳುತ್ತದೆ, ಚೆಂಡು ಹಾರುವ ಬದಲು ನೆಲದ ಮೇಲೇ ಓಡುತ್ತದೆ. ಒಂದು ತಿಂಗಳು ನನ್ನ ಕೈಯೇ ಸರಿಯಿಲ್ಲ ಅಂದುಕೊಂಡಿದ್ದೆ. ಗಟ್ಟಿ ನೆಲಕ್ಕೆ ಪಿಚಿಂಗ್ ವೆಡ್ಜೇ ವಾಸಿ. ಇನ್ನೊಂದು, ಬರಿ ನೆಲದ ಮೇಲೆ ಐರನ್ ಬೀಸಬೇಡಿ, ಮಣಿಕಟ್ಟು ಹೋಗುತ್ತದೆ. ದಪ್ಪ ನಾರಿನ ಕಾಲೊರಸು ಹಾಸಿ ಅದರ ಮೇಲೆ ಚೆಂಡಿಡಿ. ಹೊಲದವರನ್ನು ಕೇಳಿಯೇ ಹೋಗಿ, ಮುಂದೆ ಯಾರೂ ಇಲ್ಲ ಅಂತ ಎರಡು ಸಲ ನೋಡಿ. ದಾವಣಗೆರೆಯ ಕುಂದವಾಡ ಕೆರೆ ಕಡೆ ಈ ಯೋಚನೆಯೇ ಬೇಡ. ಬೆಳಗ್ಗೆ ವಾಕಿಂಗ್ ಬರುವವರು ಎಷ್ಟು ಜನ ಅಂತ ಗೊತ್ತಲ್ಲ, ಈ ಚೆಂಡು ತಲೆಗೆ ಬಿದ್ದರೆ ಪ್ರಾಣಕ್ಕೇ ಅಪಾಯ.

ಚೆಂಡಿಗೆ ಜಾಸ್ತಿ ಖರ್ಚು ಮಾಡಬೇಡಿ. ಎರಡು ಪದರದ ಗಟ್ಟಿ ಚೆಂಡು ಸಾಕು, ಕೊಳದಿಂದ ತೆಗೆದು ತೊಳೆದು ಮಾರುವ ಲೇಕ್ ಬಾಲ್ ಆದರೂ ನಡೆಯುತ್ತದೆ. ಯುರೆಥೇನ್ ಹೊದಿಕೆಯ ದುಬಾರಿ ಚೆಂಡಿನ ಲಾಭ ಸಿಗುವುದು ವೆಡ್ಜ್‌ನಲ್ಲಿ ಬೇಕಾದಂತೆ ಸ್ಪಿನ್ ಕೊಡಲು ಬಂದಮೇಲೆ. ಚೆಂಡಿನ ಮೇಲಿನ ಗುಳಿಗಳು ಅಂದಕ್ಕಲ್ಲ. ಅವು ಸುತ್ತಲಿನ ಗಾಳಿಯನ್ನು ಚೆಂಡಿಗೆ ಅಂಟಿಸಿಕೊಂಡಂತೆ ಮಾಡಿ, ಹಿಂದಿನಿಂದ ಎಳೆಯುವ ಬಲವನ್ನು ಕಮ್ಮಿ ಮಾಡುತ್ತವೆ. ನುಣ್ಣನೆಯ ಚೆಂಡು ಸುಮಾರು ಅರ್ಧ ದೂರಕ್ಕೇ ಬಿದ್ದುಬಿಡುತ್ತದೆ. ಎದುರುಗಾಳಿ ಇದ್ದಾಗ ಎತ್ತರಕ್ಕೆ ಹೊಡೆದ ಚೆಂಡು ಏನಾಗುತ್ತದೆ ಅಂತ ನೋಡಬೇಕಾದರೆ ಚಿತ್ರದುರ್ಗದ ಗಾಳಿಯಂತ್ರಗಳ ಕಡೆಯ ನಮ್ಮ ಗೆಳೆಯನನ್ನು ಕೇಳಿ, ಅವನ ಚೆಂಡು ಒಮ್ಮೆ ಅವನ ಕಡೆಗೇ ವಾಪಸ್ ಬಂತಂತೆ. ನಾನು ನಂಬಿಲ್ಲ.

ಕೈಗವಸು ಒಂದೇ ಸಾಕು, ಎಡಗೈಗೆ. ಶೂ ಈಗ ಇರುವುದೇ ಆಗುತ್ತದೆ. ಬೆಂಗಳೂರಿನ ಕ್ಲಬ್ಬಿಗೆ ಹೋಗುವುದಿದ್ದರೆ ಕಾಲರ್ ಇರುವ ಅಂಗಿ ಹಾಕಿಕೊಳ್ಳಿ, ಜೀನ್ಸ್ ಬೇಡ.

ಕೊನೆಗೆ ಪಟರ್ ಅಭ್ಯಾಸ. ಇದಕ್ಕೆ ಹೊಲವೂ ಬೇಡ, ಬೆಂಗಳೂರೂ ಬೇಡ. ಟೈಲ್ಸ್ ಮೇಲೆ ಚೆಂಡು ಅತಿಯಾಗಿ ಓಡುತ್ತದೆ, ಹಾಲ್‌ನಲ್ಲಿ ಜಮಖಾನ ಹಾಸಿ. ಹೋಲ್‌ನ ಅಗಲ ನಾಲ್ಕೂಕಾಲು ಇಂಚು, ಅಂದರೆ 108 ಮಿಲಿಮೀಟರ್. ಅಷ್ಟೇ ಅಗಲಕ್ಕೆ ರಟ್ಟು ಕತ್ತರಿಸಿ ಆ ತುದಿಯಲ್ಲಿಡಿ. ಮೂರು ಅಡಿಯಿಂದ ಶುರು ಮಾಡಿ, ಸಾಲಾಗಿ ಹತ್ತು ಸಲ ಚೆಂಡು ರಟ್ಟಿನ ಮೇಲೆ ಹಾದುಹೋದರೆ ಒಂದು ಅಡಿ ಹಿಂದಕ್ಕೆ ಸರಿಯಿರಿ, ತಪ್ಪಿದರೆ ಮತ್ತೆ ಒಂದರಿಂದ ಎಣಿಸಿ. ಬೋರ್ ಆಗುತ್ತೆ ಅಂತೀರಾ? 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನಕ್ಕೆ ಬಂದರಲ್ಲ, ಕಂಚು ತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ. ಅಲ್ಲಿದ್ದವರಲ್ಲಿ ಅವರ ಡ್ರೈವ್ ತುಂಬಾ ದೂರ ಹೋಗುತ್ತಿರಲಿಲ್ಲ, ಅವರನ್ನು ಅಷ್ಟು ಮೇಲೆ ತಂದದ್ದು ಪಟರ್.

ನನ್ನ ದಾಖಲೆ ಸದ್ಯಕ್ಕೆ ಐದು ಅಡಿ. ಆರನೇ ಅಡಿಯಲ್ಲಿ ಎಂಟು ಸಲ ಹೋದಮೇಲೆ ಅಮ್ಮ ಜಮಖಾನ ಸುತ್ತಿಟ್ಟರು, ಮನೆಗೆ ನೆಂಟರು ಬರುವವರಿದ್ದರು.