ಇರುಳುಗಣ್ಣಿನಾಚೆಗೆ ವಿಟಮಿನ್ ಎ ಮಾಡುವ ಕೆಲಸ

1930ರ ದಶಕದ ಆರಂಭ. ಅಮೆರಿಕದ ಟೆಕ್ಸಾಸ್‌ನಲ್ಲಿ ಫ್ರೆಡ್ ಹೇಲ್ ಎಂಬ ವಿಜ್ಞಾನಿ ಒಂದು ಹಂದಿಯನ್ನು ವಿಟಮಿನ್ ಎ ಇಲ್ಲದ ಮೇವು ಹಾಕಿ ಸಾಕಿದ್ದರು. ಅದು 11 ಮರಿ ಹಾಕಿತು. ಒಂದಕ್ಕೂ ಕಣ್ಣುಗುಡ್ಡೆ ಇರಲಿಲ್ಲ! ವಂಶದ ದೋಷ ಇರಬಹುದು ಅನ್ನಿಸುತ್ತದೆ, ಅಲ್ವಾ? ಆದರೆ ಮೇವು ಸರಿಹೋದ ಮೇಲೆ ಹುಟ್ಟಿದ ಮರಿಗಳು ಚೆನ್ನಾಗಿಯೇ ಇದ್ದವು.

ಅದಕ್ಕೂ ಮೊದಲು, 1925ರಲ್ಲಿ, ವೋಲ್ಬಾಕ್ ಮತ್ತು ಹೋವ್ ಇಲಿಗಳಲ್ಲಿ ಇನ್ನೊಂದು ವಿಚಿತ್ರ ಕಂಡಿದ್ದರು. ವಿಟಮಿನ್ ಎ ಸಿಗದಿದ್ದರೆ ಶ್ವಾಸನಾಳದ ಒಳಪದರ ಒಣಗಿ ಚರ್ಮದಂತೆ ಗಡುಸಾಗುತ್ತಿತ್ತು. ಇಷ್ಟಿದ್ದರೂ ಹೆಸರು ಬಂದದ್ದು ಕಣ್ಣಿಗೇ. ರೆಟಿನಾದಲ್ಲಿ ಈ ವಿಟಮಿನ್ ಮಾಡುವ ಕೆಲಸ ಬಿಡಿಸಿಟ್ಟ ಜಾರ್ಜ್ ವಾಲ್ಡ್‌ಗೆ 1967ರಲ್ಲಿ ನೊಬೆಲ್ ಸಿಕ್ಕಿತು.

ನನ್ನ ಮಟ್ಟಿಗೆ ಈ ಕಥೆಯ ನಿಜವಾದ ತಿರುವು ಅದೇ ವಾಲ್ಡ್ ಮತ್ತು ಜಾನ್ ಡೌಲಿಂಗ್ 1960ರಲ್ಲಿ ಪ್ರಕಟಿಸಿದ ಪ್ರಯೋಗ. ಇಲಿಗಳಿಗೆ ವಿಟಮಿನ್ ಎ ಬದಲು ಅದರಿಂದ ಹುಟ್ಟುವ ರೆಟಿನೋಯಿಕ್ ಆಮ್ಲ ಮಾತ್ರ ಕೊಟ್ಟರು. ಇಲಿಗಳು ದಷ್ಟಪುಷ್ಟವಾಗಿ ಬೆಳೆದವು, ಆದರೆ ಕುರುಡಾದವು. ಅಂದರೆ ಕಣ್ಣಿನ ಕೆಲಸಕ್ಕೆ ಒಂದು ರೂಪ, ಮೈಯ ಉಳಿದ ಕೆಲಸಕ್ಕೆ ಬೇರೊಂದು. ಈ ಎರಡನೇ ರೂಪ ಜೀವಕೋಶದೊಳಗೆ ಹೋಗಿ ಯಾವುದನ್ನು ಹಿಡಿಯುತ್ತದೆ?

ಉತ್ತರ ಬಂದದ್ದು 1987ರ ಡಿಸೆಂಬರಿನಲ್ಲಿ, ಒಂದೇ ಸಲ ಎರಡು ಕಡೆಯಿಂದ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಪಿಯರ್ ಶಾಂಬೋನ್, ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ ರೊನಾಲ್ಡ್ ಇವಾನ್ಸ್. ಇಬ್ಬರ ತಂಡಗಳೂ ಹಾರ್ಮೋನು ಗ್ರಾಹಕಗಳ, ಅಂದರೆ ಹಾರ್ಮೋನನ್ನು ಹಿಡಿದು ಜೀವಕೋಶಕ್ಕೆ ಸುದ್ದಿ ಮುಟ್ಟಿಸುವ ಪ್ರೋಟೀನುಗಳ ಬೆನ್ನು ಹತ್ತಿದ್ದವು. ಅವುಗಳನ್ನೇ ಹೋಲುವ, ಆದರೆ ಯಾವುದಕ್ಕೆ ಓಗೊಡುತ್ತದೆ ಅಂತ ಗೊತ್ತಿರದ ಪ್ರೋಟೀನ್ ಸಿಕ್ಕಿತು. ಅದರ ಡಿಎನ್ಎ ಹಿಡಿಯುವ ತುಂಡನ್ನು ಕತ್ತರಿಸಿ, ಪರಿಚಿತ ಗ್ರಾಹಕವೊಂದರ ತುಂಡನ್ನು ಅಲ್ಲಿ ಜೋಡಿಸಿದರು. ಹೀಗೆ ಮಾಡಿದರೆ, ಯಾವ ವಸ್ತು ಕೊಟ್ಟಾಗ ಪರಿಚಿತ ಜೀನ್ ಚುರುಕಾಗುತ್ತದೆ ಅಂತ ನೋಡಿ ಉತ್ತರ ತಿಳಿಯಬಹುದು. ಅದನ್ನು ಚುರುಕಾಗಿಸಿದ್ದು ರೆಟಿನೋಯಿಕ್ ಆಮ್ಲ.

ಈ ಗ್ರಾಹಕದ ಹೆಸರು ಆರ್‌ಎಆರ್ (ರೆಟಿನೋಯಿಕ್ ಆಸಿಡ್ ರಿಸೆಪ್ಟರ್). ಕೋಶಕೇಂದ್ರದಲ್ಲಿ ಆರ್‌ಎಕ್ಸ್‌ಆರ್ ಎಂಬ ಜೊತೆಗಾರನೊಂದಿಗೆ ಡಿಎನ್ಎ ಮೇಲೆ ಮೊದಲೇ ಕೂತಿರುತ್ತದೆ. ಆಮ್ಲ ಇಲ್ಲದಾಗ ಕೆಲವು ಪ್ರೋಟೀನುಗಳನ್ನು ಹಿಡಿದಿಟ್ಟುಕೊಂಡು ಜೀನನ್ನು ಸುಮ್ಮನಿರಿಸುತ್ತದೆ. ಆಮ್ಲ ಬಂದು ಕೂತರೆ ಗ್ರಾಹಕದ ಆಕಾರ ಬದಲಾಗುತ್ತದೆ, ತಡೆಯುವವು ಕಳಚಿಕೊಳ್ಳುತ್ತವೆ, ಎಬ್ಬಿಸುವವು ಬರುತ್ತವೆ. ಆರ್‌ಎಕ್ಸ್‌ಆರ್ ಅಂತೂ ವಿಟಮಿನ್ ಡಿ, ಥೈರಾಯ್ಡ್ ಗ್ರಾಹಕಗಳಿಗೂ ಜೊತೆಯಾಗುತ್ತದೆ.

ಔಷಧ ಮಾತ್ರ ವಿವರಣೆಗಾಗಿ ಕಾಯಲಿಲ್ಲ. ಶಾಂಘೈನ ವಾಂಗ್ ಝೆನ್‌ಯಿ ತಂಡ 1988ರಲ್ಲಿ ಒಂದು ಬಗೆಯ ರಕ್ತ ಕ್ಯಾನ್ಸರಿನ 24 ರೋಗಿಗಳ ಬಗ್ಗೆ ವರದಿ ಮಾಡಿತು. ರೋಗ ಹತೋಟಿಗೆ ಬರಲು 23 ಮಂದಿಗೆ ರೆಟಿನೋಯಿಕ್ ಆಮ್ಲ ಒಂದೇ ಸಾಕಾಗಿತ್ತು. ಅದು ಕ್ಯಾನ್ಸರ್ ಕೋಶಗಳನ್ನು ನೇರವಾಗಿ ಕೊಲ್ಲಲಿಲ್ಲ, ಅವು ಬಲಿತು ಸಾಮಾನ್ಯ ರಕ್ತಕಣಗಳಂತಾಗುವ ಹಾಗೆ ಮಾಡಿತು. ಕಾರಣ ತಿಳಿದದ್ದು ಎರಡು ಮೂರು ವರ್ಷ ಬಿಟ್ಟು: ಈ ರೋಗದಲ್ಲಿ 15 ಮತ್ತು 17ನೇ ಕ್ರೋಮೋಸೋಮುಗಳು ಮುರಿದು ಅದಲುಬದಲಾಗುತ್ತವೆ. ಹೀಗಾಗಿ ಆರ್‌ಎಆರ್ ಇನ್ನೊಂದು ಪ್ರೋಟೀನಿಗೆ ಅಂಟಿಕೊಂಡು ಜೀನುಗಳನ್ನು ಮುಚ್ಚಿಯೇ ಇಡುತ್ತದೆ. ಔಷಧದ ಪ್ರಮಾಣದಲ್ಲಿ ಆಮ್ಲ ಕೊಟ್ಟಾಗ ಆ ಹಿಡಿತ ಬಿಡುತ್ತದೆ.

ಭುವನೇಶ್ವರದ ಉತ್ಕಲ ವಿಶ್ವವಿದ್ಯಾಲಯದವರು 1992ರಲ್ಲಿ ವರದಿ ಮಾಡಿದ್ದು ಇನ್ನೂ ವಿಚಿತ್ರ. ಬಾಲ ಕತ್ತರಿಸಿದ ಗೊದಮೊಟ್ಟೆಗಳಿಗೆ ವಿಟಮಿನ್ ಎ ಕೊಟ್ಟರೆ ಬಾಲದ ಜಾಗದಲ್ಲಿ ಕಾಲು ಬೆಳೆದಿತ್ತು! ಭ್ರೂಣದಲ್ಲಿ ಎಲ್ಲಿ ಏನು ಬೆಳೆಯಬೇಕು ಅನ್ನುವುದರಲ್ಲೂ ಈ ಆಮ್ಲದ ಪಾತ್ರವಿದೆ. ಕಮ್ಮಿಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ. 1982ರಲ್ಲಿ ಅಮೆರಿಕದಲ್ಲಿ ಮೊಡವೆಗೆ ಬಂದ ಐಸೊಟ್ರೆಟಿನೋಯಿನ್ ಇದೇ ಆಮ್ಲದ ಸೋದರ. ಬಸಿರಿನಲ್ಲಿ ಅದನ್ನು ತೆಗೆದುಕೊಂಡವರ ಕೆಲವು ಮಕ್ಕಳು ಕಿವಿ, ಹೃದಯ, ಮಿದುಳಿನ ದೋಷದೊಂದಿಗೆ ಹುಟ್ಟಿದರು. ಅದಕ್ಕೇ ಈ ಮಾತ್ರೆ ಬರೆಯುವ ಮುನ್ನ ಚರ್ಮದ ಡಾಕ್ಟರು ಹೆಂಗಸರಿಗೆ ಬಸಿರಿನ ಬಗ್ಗೆ ಕೇಳುವುದು. ನುಗ್ಗೆಸೊಪ್ಪು, ಕ್ಯಾರೆಟ್‌ಗೆ ಈ ಭಯ ಬೇಡ. ಅವುಗಳಲ್ಲಿರುವುದು ಬೀಟಾ ಕ್ಯಾರೋಟಿನ್, ದೇಹ ತನಗೆ ಬೇಕಾದಷ್ಟನ್ನು ಮಾತ್ರ ವಿಟಮಿನ್ ಎ ಆಗಿ ಬದಲಿಸಿಕೊಳ್ಳುತ್ತದೆ.