ಲಿನಕ್ಸ್‌ನಲ್ಲಿ ಬ್ರೈಟ್‌ನೆಸ್ ಕೀ ಕೆಲಸ ಮಾಡ್ತಿಲ್ಲ, ಎಫ್‌ಎನ್ ಡ್ರೈವರ್ ಎಲ್ಲಿ ಸಿಗುತ್ತೆ?

ಮತ್ತೆ ಅದೇ ಪ್ರಶ್ನೆ. ಈ ಸಲ ಕೇಳಿದ್ದು ದಾವಣಗೆರೆಯ ಹದಡಿ ರಸ್ತೆಯ ಪಿಜಿಯಲ್ಲಿರುವ ಇಂಜಿನಿಯರಿಂಗ್ ಹುಡುಗ, ಹೋದ ಸಲ ಚಿತ್ರದುರ್ಗದವರು, ಅದಕ್ಕೂ ಮುಂಚೆ ಹರಿಹರದವರು. ಒಕ್ಕಣೆ ಮಾತ್ರ ಬದಲಾಗೋದಿಲ್ಲ: "ಸರ್, ಉಬುಂಟು ಹಾಕಿದೀನಿ, ವೈಫೈ ಬಂತು, ಸೌಂಡ್ ಬಂತು, ಆದ್ರೆ ಎಫ್‌ಎನ್ ಹಿಡಿದು ಬ್ರೈಟ್‌ನೆಸ್ ಕಮ್ಮಿ ಮಾಡೋಕೆ ಹೋದ್ರೆ ಏನೂ ಆಗಲ್ಲ. ಎಫ್‌ಎನ್ ಡ್ರೈವರ್ ಲಿಂಕ್ ಇದ್ರೆ ಕಳಿಸಿ." ಬೇಸಿಗೆಯಲ್ಲಿ ಕರೆಂಟ್ ಹೋದಾಗ ಈ ಕೀ ಎಷ್ಟು ಮುಖ್ಯ ಅಂತ ಇಲ್ಲಿನವರಿಗೆ ನಾನು ಹೇಳಬೇಕಾಗಿಲ್ಲ.

ಲಿಂಕ್ ಇಲ್ಲ. ಎಫ್‌ಎನ್ ಡ್ರೈವರ್ ಅಂತ ಬೇರೆಯಾಗಿ ಡೌನ್‌ಲೋಡ್ ಮಾಡಿ ಹಾಕುವ ವಸ್ತುವೇ ಇಲ್ಲಿಲ್ಲ, ಬೇಕಾದದ್ದೆಲ್ಲ ಕರ್ನಲ್ ಒಳಗೇ, ಅಂದರೆ ಲಿನಕ್ಸ್‌ನ ತಿರುಳಿನಲ್ಲೇ, ಬಂದಿರುತ್ತದೆ. ಕೀಬೋರ್ಡನ್ನೂ ಬದಲಾಯಿಸಬೇಡಿ. ಒಂದು ಅಂಗಡಿಯಲ್ಲಿ ಇದೇ ಕಾರಣಕ್ಕೆ ಕೀಬೋರ್ಡ್ ಬದಲಾಯಿಸಿಕೊಂಡು ಬಂದವರನ್ನು ನೋಡಿದ್ದೇನೆ. ಹೊಸ ಕೀಬೋರ್ಡಿನಲ್ಲೂ ಅದೇ ಕಥೆ.

ಮೊದಲು ಇದೊಂದನ್ನು ನೋಡಿ. ಪರದೆಯ ಮೂಲೆಯ ಮೆನು ತೆರೆದು ಬ್ರೈಟ್‌ನೆಸ್ ಸ್ಲೈಡರನ್ನು ಮೌಸ್‌ನಿಂದ ಎಳೆಯಿರಿ. ಬೆಳಕು ಕಡಿಮೆ ಆಯ್ತಾ? ಆಯ್ತು ಅಂದರೆ ಪರದೆಯ ಹಿಂದಿನ ದೀಪ (ಬ್ಯಾಕ್‌ಲೈಟ್) ಸರಿ ಇದೆ, ತೊಂದರೆ ಕೀಯದ್ದು. ಸ್ಲೈಡರೇ ಇಲ್ಲ, ಅಥವಾ ಸ್ಲೈಡರ್ ಓಡಾಡುತ್ತೆ ಆದರೆ ಬೆಳಕು ಅಲ್ಲಾಡೋದಿಲ್ಲ ಅಂದರೆ ತೊಂದರೆ ದೀಪದ್ದು. ಇವೆರಡೂ ಬೇರೆ ಬೇರೆ ದಾರಿ. ನೂರಕ್ಕೆ ತೊಂಬತ್ತು ಜನ ಇದನ್ನು ನೋಡದೆ ಎರಡೂ ದಾರಿಯ ಔಷಧಿಯನ್ನು ಒಟ್ಟಿಗೆ ಕುಡಿದು ಆಮೇಲೆ ನನ್ನ ಹತ್ತಿರ ಬರುತ್ತಾರೆ.

(ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀವು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ.)

ಕೀ ತೊಂದರೆ ಸಣ್ಣದು, ಬೇಗ ಮುಗಿಸೋಣ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಜೊತೆ ಎಸ್ಕೇಪ್ ಒತ್ತಿದರೆ ಎಫ್‌ಎನ್ ಲಾಕ್ ಆಗುತ್ತದೆ, ಆಗ ಇಡೀ ಮೇಲಿನ ಸಾಲು ಉಲ್ಟಾ, ಎಫ್‌ಎನ್ ಹಿಡಿಯದಿದ್ದರೆ ಆಗುತ್ತಿದ್ದ ಕೆಲಸ ಹಿಡಿದರೆ ಆಗುತ್ತದೆ. ಅದನ್ನೊಮ್ಮೆ ಒತ್ತಿ ನೋಡಿ. ಬಯಾಸ್‌ನಲ್ಲೂ ಇದಕ್ಕೊಂದು ಆಯ್ಕೆ ಇರುತ್ತದೆ. ಅದಲ್ಲ ಅಂದರೆ ಇವ್‌ಟೆಸ್ಟ್ ಅನ್ನುವ ಪ್ಯಾಕೇಜ್ ಹಾಕಿಕೊಂಡು ಸುಡೋ ಇವ್‌ಟೆಸ್ಟ್ ಅಂತ ಓಡಿಸಿ (ಸುಡೋ ಅಂದರೆ ಅಡ್ಮಿನ್ ಅಧಿಕಾರದಲ್ಲಿ). ಯಂತ್ರದಲ್ಲಿರುವ ಇನ್‌ಪುಟ್ ಸಾಧನಗಳ ಪಟ್ಟಿ ಬರುತ್ತದೆ. ಇಲ್ಲಿ ಎಲ್ಲರೂ 'ಎಟಿ ಟ್ರಾನ್ಸ್‌ಲೇಟೆಡ್ ಸೆಟ್ 2 ಕೀಬೋರ್ಡ್' ಆರಿಸಿ, ಕೀ ಒತ್ತಿ, ಏನೂ ಬರಲಿಲ್ಲ ಅಂತ ಕೈಬಿಡುತ್ತಾರೆ. ಸ್ವಲ್ಪ ತಡೀರಿ. ಬ್ರೈಟ್‌ನೆಸ್ ಕೀ ಮಾಮೂಲಿ ಕೀಬೋರ್ಡ್ ಮೂಲಕವೇ ಬರಬೇಕು ಅಂತೇನಿಲ್ಲ. ಅದು 'ವಿಡಿಯೋ ಬಸ್' ಅನ್ನುವ ಸಾಧನದಿಂದ ಬರಬಹುದು, ಇಲ್ಲವೇ ಏಸಸ್‌ನಲ್ಲಿ 'ಏಸಸ್ ಡಬ್ಲ್ಯುಎಂಐ ಹಾಟ್‌ಕೀಸ್', ಲೆನೊವೊದಲ್ಲಿ 'ಐಡಿಯಾಪ್ಯಾಡ್ ಎಕ್ಸ್‌ಟ್ರಾ ಬಟನ್ಸ್' ಹೀಗೆ ಕಂಪನಿಯ ಹೆಸರಿರುವ ಇನ್ನೊಂದರಿಂದ ಬರಬಹುದು. ಒಂದೊಂದಾಗಿ ಎಲ್ಲವನ್ನೂ ಆರಿಸಿ ನೋಡಿ. ಬೆಳಕು ಇಳಿಸುವ ಕೀಗೆ 224, ಏರಿಸುವ ಕೀಗೆ 225 ಅನ್ನುವ ಕೋಡ್ ಬಂದರೆ ಕರ್ನಲ್ ತನ್ನ ಕೆಲಸ ಮಾಡಿದೆ, ಮುಂದಿನದು ಡೆಸ್ಕ್‌ಟಾಪಿನ ಜವಾಬ್ದಾರಿ. ಐ3 ಥರದ ಬೋಳು ವಿಂಡೋ ಮ್ಯಾನೇಜರ್ ಹಾಕಿಕೊಂಡವರು ಕೀಗೆ ಕೆಲಸ ನೀವೇ ಕಟ್ಟಬೇಕು, ಬ್ರೈಟ್‌ನೆಸ್‌ಸಿಟಿಎಲ್ ಅನ್ನುವ ಕಮಾಂಡ್ ಅದಕ್ಕೆಂದೇ ಇದೆ. ಬೇರೆ ಯಾವುದೋ ಕೋಡ್ ಬಂದರೆ ಜೊತೆಗೆ ಕಾಣುವ ಸ್ಕ್ಯಾನ್ ಕೋಡ್ ಬರೆದಿಟ್ಟುಕೊಂಡು ಸಾಧನಗಳನ್ನು ಗುರುತಿಸುವ ಯುಡೆವ್‌ನ ಎಚ್‌ಡಬ್ಲ್ಯುಡಿಬಿ ಫೈಲಿನಲ್ಲಿ ಅದನ್ನು ಸರಿಯಾದ ಹೆಸರಿಗೆ ಜೋಡಿಸಬೇಕು. ಬರೀ ಎಫ್‌ಎನ್ ಒಂದನ್ನೇ ಒತ್ತಿ "ಏನೂ ಬರಲ್ಲ" ಅನ್ನಬೇಡಿ, ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಒತ್ತಿದ್ದು ಒಳಗಿನ ಎಂಬೆಡೆಡ್ ಕಂಟ್ರೋಲರ್ ಅನ್ನುವ ಸಣ್ಣ ಚಿಪ್ಪಿಗಷ್ಟೇ ಗೊತ್ತು, ಲಿನಕ್ಸ್‌ಗೆ ಆ ಸುದ್ದಿ ಬರೋದೇ ಇಲ್ಲ.

ಇನ್ನು ದೀಪದ ಕಡೆ. ಸಿಸ್ ಫೋಲ್ಡರ್, ಅದರೊಳಗೆ ಕ್ಲಾಸ್, ಅದರೊಳಗೆ ಬ್ಯಾಕ್‌ಲೈಟ್. ಎಲ್‌ಎಸ್ ಹೊಡೆದು ಅಲ್ಲಿ ಏನಿದೆ ನೋಡಿ.

ಖಾಲಿ ಇದ್ದರೆ ಮೊದಲು ಪ್ರಾಕ್ ಫೋಲ್ಡರಿನ ಸಿಎಂಡಿಲೈನ್ ಫೈಲನ್ನು ಕ್ಯಾಟ್ ಮಾಡಿ (ಕ್ಯಾಟ್ ಕಮಾಂಡ್ ಫೈಲಿನಲ್ಲಿರುವುದನ್ನು ತೋರಿಸುತ್ತದೆ), ಅದರಲ್ಲಿ ನೋಮೋಡ್‌ಸೆಟ್ ಅನ್ನುವ ಪದ ಇದೆಯಾ ಹುಡುಕಿ. ಇನ್‌ಸ್ಟಾಲ್ ಮಾಡುವಾಗ ಪರದೆ ಕಪ್ಪಾಯಿತು ಅಂತ ಯಾರೋ ಹೇಳಿಕೊಟ್ಟು ಅದನ್ನು ಹಾಕಿರುತ್ತೀರಿ, ಆಮೇಲೆ ತೆಗೆಯೋಕೆ ಮರೆತಿರುತ್ತೀರಿ. ಅದು ಇರುವ ತನಕ ಗ್ರಾಫಿಕ್ಸ್ ಡ್ರೈವರ್ ಪೂರ್ತಿ ಎದ್ದೇಳೋದಿಲ್ಲ, ಡ್ರೈವರ್ ಇಲ್ಲದೆ ದೀಪದ ಹಿಡಿತ ಸಿಗೋದಿಲ್ಲ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದು ಮಿಂಟ್ ಅನ್ನುವ ಲಿನಕ್ಸ್ ಹಾಕಿಸಿಕೊಂಡವರಲ್ಲಿ ಇದನ್ನು ಜಾಸ್ತಿ ನೋಡಿದ್ದೇನೆ.

ಎರಡು ಹೆಸರು ಇದ್ದರೆ, ಅಂದರೆ ಇಂಟೆಲ್ ಬ್ಯಾಕ್‌ಲೈಟ್ ಒಂದು, ಎಸಿಪಿಐ ವಿಡಿಯೋ 0 ಇನ್ನೊಂದು ಇದ್ದರೆ, ಡೆಸ್ಕ್‌ಟಾಪ್ ತಪ್ಪಾದದ್ದನ್ನು ತಿರುಗಿಸುತ್ತಾ ಕೂತಿರುವ ಸಾಧ್ಯತೆ ಇದೆ. ಯಾವುದು ನಿಜವಾದದ್ದು ಅಂತ ಕೈಯಾರೆ ಪರೀಕ್ಷಿಸಿ. ಪ್ರತಿಯೊಂದರ ಒಳಗೂ ಮ್ಯಾಕ್ಸ್ ಬ್ರೈಟ್‌ನೆಸ್ ಅನ್ನುವ ಫೈಲ್ ಇದೆ, ಗರಿಷ್ಠ ಎಷ್ಟು ಅಂತ ಅದು ಹೇಳುತ್ತದೆ. ಎಎಂಡಿ ಯಂತ್ರದಲ್ಲಿ ಅದು 255 ಇರಬಹುದು, ಇಂಟೆಲ್‌ನಲ್ಲಿ ಸಾವಿರಗಟ್ಟಲೆ ಇರಬಹುದು, ಸಂಖ್ಯೆ ನೋಡಿ ಗಾಬರಿ ಬೇಡ. ಅದರ ಅರ್ಧವನ್ನು ಬ್ರೈಟ್‌ನೆಸ್ ಫೈಲಿಗೆ ಬರೆಯಿರಿ. ಸುಡೋ ಎಕೋ ಅಂತ ಹೊಡೆದು ಬಾಣದ ಗುರುತು ಹಾಕಿದರೆ ಪರ್ಮಿಷನ್ ಡಿನೈಡ್ ಅಂತಲೇ ಬರುತ್ತದೆ, ಯಾಕಂದರೆ ಸುಡೋ ಅನ್ವಯವಾಗೋದು ಎಕೋಗೆ, ಬಾಣದ ಕೆಲಸ ಮಾಡೋದು ನಿಮ್ಮ ಮಾಮೂಲಿ ಶೆಲ್. ಎಕೋದಿಂದ ಪೈಪ್ ಹಾಕಿ ಸುಡೋ ಟೀಗೆ ಕೊಡಿ. ಸೊನ್ನೆ ಮಾತ್ರ ಬರೆಯಬೇಡಿ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ದೀಪ ಪೂರ್ತಿ ಆರಿ ಹೋಗುತ್ತದೆ, ಆಮೇಲೆ ಮೊಬೈಲ್ ಟಾರ್ಚ್ ಹಿಡಿದು ಪರದೆ ಓದಬೇಕಾಗುತ್ತದೆ.

ಸರಿಯಾದದ್ದು ಯಾವುದು ಅಂತ ಗೊತ್ತಾದ ಮೇಲೆ ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ಎಸಿಪಿಐ ಅಂಡರ್‌ಸ್ಕೋರ್ ಬ್ಯಾಕ್‌ಲೈಟ್ ಈಕ್ವಲ್ಸ್ ನೇಟಿವ್ ಅಂತ ಸೇರಿಸಿ, ಎಫ್10 ಒತ್ತಿ ಬೂಟ್ ಮಾಡಿ. ಇದು ಆ ಒಂದು ಬೂಟಿಗೆ ಮಾತ್ರ, ಕೆಟ್ಟರೂ ರೀಸ್ಟಾರ್ಟ್ ಮಾಡಿದರೆ ಹೋಯ್ತು. ನೇಟಿವ್ ಆಗಲಿಲ್ಲ ಅಂದರೆ ವೆಂಡರ್, ಆಮೇಲೆ ವಿಡಿಯೋ. ಒಂದು ಸಲಕ್ಕೆ ಒಂದೇ. ಕೆಲಸ ಮಾಡಿದ್ದನ್ನು ಎಟ್ಸಿಯ ಡಿಫಾಲ್ಟ್ ಫೋಲ್ಡರಿನಲ್ಲಿರುವ ಗ್ರಬ್ ಫೈಲಿಗೆ ಹಾಕಿ ಸುಡೋ ಅಪ್‌ಡೇಟ್ ಹೈಫನ್ ಗ್ರಬ್ ಮಾಡಿ. ಹಳೇ ಸಲಹೆಗಳಲ್ಲಿ ಈ ಸಾಲುಗಳ ಮೂಟೆಯೇ ಸಿಗುತ್ತದೆ. ಅವುಗಳಲ್ಲಿ ಹಲವು 2012ರಲ್ಲಿ ವಿಂಡೋಸ್ 8 ಬಂದ ಕಾಲದವು, ಆಗ ಕಂಪನಿಗಳು ಫರ್ಮ್‌ವೇರ್ ಮೂಲಕ ಬೆಳಕು ಬದಲಾಯಿಸುವ ದಾರಿಯನ್ನು ಸರಿಯಾಗಿ ಪರೀಕ್ಷಿಸೋದನ್ನೇ ಬಿಟ್ಟವು. 2022ರ ಡಿಸೆಂಬರ್‌ನಲ್ಲಿ ಬಂದ 6.1 ಕರ್ನಲ್‌ನಲ್ಲಿ ಈ ಆಯ್ಕೆಯ ಲೆಕ್ಕಾಚಾರವನ್ನೇ ಹೊಸದಾಗಿ ಬರೆದಿದ್ದಾರೆ, ಒಂದು ಪರದೆಗೆ ಒಂದೇ ಹೆಸರು ಬರುವ ಹಾಗೆ. ಹಾಗಾಗಿ 5.15 ಕರ್ನಲ್ ಜೊತೆ ಬಂದ ಮಿಂಟ್ 21 ಇಟ್ಟುಕೊಂಡು ಒದ್ದಾಡುವವರು ಈ ಸಾಲುಗಳಿಗೆ ಕೈ ಹಾಕುವ ಮೊದಲು ಕರ್ನಲ್ ಅಪ್‌ಡೇಟ್ ಮಾಡಿ ನೋಡಿ.

ಇಷ್ಟೇ ಉತ್ತರ. ಆದರೆ ಇಲ್ಲಿಗೆ ಯಾರೂ ನಿಲ್ಲಿಸೋದಿಲ್ಲ. "ಅಷ್ಟೆಲ್ಲ ಯಾಕೆ ಸರ್, ಎಕ್ಸ್‌ರಾಂಡರ್ ಕಮಾಂಡ್ ಹೊಡೆದ್ರೆ ಆಯ್ತಲ್ಲ, ನನ್ನದರಲ್ಲಿ ಬ್ರೈಟ್‌ನೆಸ್ ಕಮ್ಮಿ ಆಗುತ್ತೆ" ಅಂತ ಒಬ್ಬರಾದರೂ ಬರುತ್ತಾರೆ. ಎಕ್ಸ್‌ರಾಂಡರ್ ಅಂದರೆ ಪರದೆಯ ಸೆಟ್ಟಿಂಗ್ ಬದಲಾಯಿಸುವ ಕಮಾಂಡ್. ಎಕ್ಸ್‌ರಾಂಡರ್, ಔಟ್‌ಪುಟ್ ಇಡಿಪಿ 1, ಬ್ರೈಟ್‌ನೆಸ್ 0.5. ಈ ಸಾಲನ್ನು ಜೂನಿಯರ್‌ಗಳಿಗೆ ಸೀನಿಯರ್‌ಗಳು ಮಂತ್ರದ ಹಾಗೆ ದಾಟಿಸುತ್ತಾ ಬಂದಿದ್ದಾರೆ. ಅದರಲ್ಲಿ ಬ್ರೈಟ್‌ನೆಸ್ ಅನ್ನುವ ಪದ ಇದೆ, ಒತ್ತಿದ ತಕ್ಷಣ ಪರದೆ ಮಂಕಾಗುತ್ತದೆ, ಇನ್ನೇನು ಬೇಕು ಅಲ್ವಾ?

ದೀಪ ಒಂದು ಕೂದಲೆಳೆಯಷ್ಟೂ ಇಳಿದಿರೋದಿಲ್ಲ, ಸ್ವಾಮಿ. ಎಲ್‌ಸಿಡಿ ಪರದೆಯಲ್ಲಿ ಹಿಂದೆ ಬಿಳಿ ಎಲ್‌ಇಡಿ ದೀಪಗಳ ಸಾಲು ಉರಿಯುತ್ತಿರುತ್ತದೆ, ಮುಂದಿನ ದ್ರವ ಹರಳಿನ ಪದರ ಆ ಬೆಳಕನ್ನು ಎಷ್ಟು ಬಿಡಬೇಕೋ ಅಷ್ಟು ಬಿಡುತ್ತದೆ. ಎಕ್ಸ್‌ರಾಂಡರ್ ಮುಟ್ಟೋದು ಚಿತ್ರದ ಬಣ್ಣದ ಲೆಕ್ಕವನ್ನು ಮಾತ್ರ. ಬಿಳಿಯನ್ನು ಬೂದು ಮಾಡುತ್ತದೆ. ಹಿಂದಿನ ದೀಪ ಪೂರ್ತಿ ಉರಿಯುತ್ತಲೇ ಇರುತ್ತದೆ. ಫ್ಯಾನನ್ನು ಐದರಲ್ಲಿ ಬಿಟ್ಟು ಚಳಿ ಅಂತ ಕಂಬಳಿ ಹೊದ್ದ ಹಾಗೆ. ಅದರ ಮ್ಯಾನುಯಲ್ ಪುಟದಲ್ಲೇ ಇದು ಬರೀ ಸಾಫ್ಟ್‌ವೇರ್ ಬದಲಾವಣೆ ಅಂತ ಬರೆದಿದ್ದಾರೆ, ಯಾರೂ ಓದೋದಿಲ್ಲ.

ನನ್ನ ಮಾತು ನಂಬಬೇಡಿ, ನೀವೇ ನೋಡಿ. ರಾತ್ರಿ ಕೋಣೆಯ ಲೈಟ್ ಆರಿಸಿ. ಒಂದು ಪೂರ್ತಿ ಕಪ್ಪು ಚಿತ್ರವನ್ನು ಫುಲ್ ಸ್ಕ್ರೀನ್ ಮಾಡಿ. ಪರದೆ ಕಪ್ಪಾಗಿ ಕಂಡರೂ ಅಂಚುಗಳಿಂದ, ಮೂಲೆಗಳಿಂದ ಮಸುಕು ಬೆಳಕು ಸೋರುತ್ತಿರುತ್ತದೆ, ಗೋಡೆಯ ಮೇಲೂ ಸ್ವಲ್ಪ ಬೀಳುತ್ತದೆ. ಈಗ ಎಕ್ಸ್‌ರಾಂಡರ್‌ನಲ್ಲಿ 0.3 ಹೊಡೆಯಿರಿ. ಆ ಸೋರುವ ಬೆಳಕು ಹಾಗೇ ಇರುತ್ತದೆ. ಅದನ್ನು 1ಕ್ಕೆ ವಾಪಸ್ ತಂದು ಈಗ ಸ್ಲೈಡರಿನಿಂದಲೋ ಬ್ರೈಟ್‌ನೆಸ್‌ಸಿಟಿಎಲ್‌ನಿಂದಲೋ ಇಳಿಸಿ. ಗೋಡೆಯ ಮೇಲಿನ ಬೆಳಕೂ ಜೊತೆಗೇ ಇಳಿಯುತ್ತದೆ. ಇದೂ ಸಾಲದು ಅಂದರೆ ಎಕ್ಸ್‌ರಾಂಡರ್ ಹೊಡೆಯುವ ಮೊದಲೊಮ್ಮೆ, ಆಮೇಲೊಮ್ಮೆ ಆ ಬ್ಯಾಕ್‌ಲೈಟ್ ಫೋಲ್ಡರಿನ ಆಕ್ಚುವಲ್ ಬ್ರೈಟ್‌ನೆಸ್ ಫೈಲನ್ನು ಕ್ಯಾಟ್ ಮಾಡಿ. ಸಂಖ್ಯೆ ಕದಲೋದಿಲ್ಲ. ಚಾರ್ಜರ್ ಕಿತ್ತು ಪವರ್‌ಟಾಪ್ ಓಡಿಸಿದರೆ ಎಷ್ಟು ವ್ಯಾಟ್ ಖರ್ಚಾಗುತ್ತಿದೆ ಅಂತಲೂ ಕಾಣುತ್ತದೆ, ಎಕ್ಸ್‌ರಾಂಡರ್‌ನಿಂದ ಅಲ್ಲಿ ಉಳಿತಾಯ ಆಗೋದಿಲ್ಲ, ದೀಪ ಇಳಿಸಿದರೆ ಮಾತ್ರ ಆಗುತ್ತದೆ. ನಿಮಗೆ ಬೇಕಾಗಿದ್ದು ಬ್ಯಾಟರಿ ತಾನೇ?

ಅಡ್ಡ ಪರಿಣಾಮಗಳೂ ಇವೆ. ಕಪ್ಪಿನಿಂದ ಬೆಳಕು ಮೊದಲಿನಷ್ಟೇ ಸೋರುತ್ತಾ, ಬಿಳಿ ಮಾತ್ರ ಬೂದಾಗುವುದರಿಂದ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಅಂತರ ಕುಗ್ಗುತ್ತದೆ, ಕಣ್ಣಿಗೆ ಇನ್ನೂ ಜಾಸ್ತಿ ಕೆಲಸ. ನೈಟ್ ಲೈಟ್, ರೆಡ್‌ಶಿಫ್ಟ್ ಥರದವು ಬಣ್ಣ ಬದಲಾಯಿಸೋದೂ ಇದೇ ಬಣ್ಣದ ಲೆಕ್ಕದ ಪಟ್ಟಿಯಲ್ಲಿ (ಗಾಮಾ ಪಟ್ಟಿ), ಹಾಗಾಗಿ ಒಂದು ಬರೆದದ್ದನ್ನು ಇನ್ನೊಂದು ಅಳಿಸುತ್ತದೆ, ಪರದೆ ಇದ್ದಕ್ಕಿದ್ದಂತೆ ಫಳಾರನೆ ಬೆಳಗುತ್ತದೆ. ಪರದೆಗೆ ಚಿತ್ರ ಕಳಿಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಂತೂ ಈ ಕಮಾಂಡ್ ನಡೆಯೋದೇ ಇಲ್ಲ. ಉಬುಂಟು 21.04ರಿಂದ ಹೆಚ್ಚಿನ ಯಂತ್ರಗಳಲ್ಲಿ ವೇಲ್ಯಾಂಡೇ ತಾನಾಗಿ ಬರುವುದು, ಆದರೂ ಈ ಸಾಲನ್ನು ಶಾರ್ಟ್‌ಕಟ್ ಕೀಗೆ ಕಟ್ಟಿಕೊಂಡು "ಕೀ ಕೆಲಸ ಮಾಡ್ತಿಲ್ಲ" ಅಂತ ಬರುವವರು ಇದ್ದಾರೆ. ಕೀ ಪಾಪ ಏನು ಮಾಡಬೇಕು?

ಒಂದೇ ಒಂದು ರಿಯಾಯಿತಿ ಕೊಡುತ್ತೇನೆ. ಓಎಲ್‌ಇಡಿ ಪರದೆಯಲ್ಲಿ ಹಿಂದೆ ದೀಪ ಅಂತ ಇರೋದಿಲ್ಲ, ಪ್ರತಿ ಪಿಕ್ಸೆಲ್ಲೂ ತಾನೇ ಉರಿಯುತ್ತದೆ. ಅಲ್ಲಿ ಚಿತ್ರ ಮಂಕಾದರೆ ಕರೆಂಟೂ ಉಳಿಯುತ್ತದೆ. ಆದರೆ ನನ್ನನ್ನು ಕೇಳುವವರ ಹತ್ತಿರ ಇರೋದು ಹಳೇ ಎಲ್‌ಸಿಡಿ ಲ್ಯಾಪ್‌ಟಾಪ್, ಓಎಲ್‌ಇಡಿ ತಗೊಂಡವರು ನನ್ನನ್ನು ಯಾಕೆ ಕೇಳುತ್ತಾರೆ.

ರೀಸ್ಟಾರ್ಟ್ ಮಾಡಿದ ಮೇಲೆ ಬೆಳಕು ಎಲ್ಲಿತ್ತೋ ಅಲ್ಲಿಗೇ ಹೇಗೆ ಬರುತ್ತದೆ ಅಂತ ಯಾರೂ ಕೇಳಿಲ್ಲ, ಹೇಳಿಬಿಡುತ್ತೇನೆ. ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂಡಿಯಲ್ಲಿ ಬ್ಯಾಕ್‌ಲೈಟ್ ಅನ್ನುವ ಸರ್ವಿಸ್ ಇದೆ, ಶಟ್‌ಡೌನ್ ಆಗುವಾಗ ಸಂಖ್ಯೆಯನ್ನು ಬರೆದಿಟ್ಟು ಬೂಟ್ ಆಗುವಾಗ ವಾಪಸ್ ಕೊಡುತ್ತದೆ.

ಇನ್ನೊಂದನ್ನೂ ಯಾರೂ ಕೇಳಿಲ್ಲ, ಆದರೆ ಮಂಡಿಪೇಟೆಯ ಕಡೆ ಅಂಗಡಿಯಲ್ಲಿ ಬಿಲ್ಲಿಂಗ್‌ಗೆ ಲಿನಕ್ಸ್ ಡೆಸ್ಕ್‌ಟಾಪ್ ಇಟ್ಟುಕೊಂಡವರಿಗೆ ಬೇಕಾಗುತ್ತದೆ: ಹೊರಗಿನ ಮಾನಿಟರಿನ ಬೆಳಕನ್ನು ಕಂಪ್ಯೂಟರಿನಿಂದ ಇಳಿಸಬಹುದಾ? ಇಳಿಸಬಹುದು. ಬ್ಯಾಕ್‌ಲೈಟ್ ಫೋಲ್ಡರಿನಲ್ಲಿ ಅದು ಸಾಮಾನ್ಯವಾಗಿ ಕಾಣೋದಿಲ್ಲ, ದಾರಿ ಬೇರೆ. ಮಾನಿಟರಿಗೆ ಹೋಗುವ ಕೇಬಲ್ಲಿನಲ್ಲೇ ಮಾತಾಡಿಕೊಳ್ಳುವ ತಂತಿಗಳಿವೆ, ಆ ಮಾತುಕತೆಯ ನಿಯಮವೇ ಡಿಡಿಸಿ ಸಿಐ. ಡಿಡಿಸಿಯುಟಿಲ್ ಹಾಕಿಕೊಂಡು, ಸುಡೋ ಮಾಡ್‌ಪ್ರೋಬ್ ಐ2ಸಿ ಹೈಫನ್ ಡೆವ್ ಅಂತ ಹೊಡೆದು, ಆಮೇಲೆ ಸುಡೋ ಡಿಡಿಸಿಯುಟಿಲ್ ಡಿಟೆಕ್ಟ್ ಓಡಿಸಿ. ಮಾನಿಟರ್ ಹೆಸರು ಬಂದರೆ ಸುಡೋ ಡಿಡಿಸಿಯುಟಿಲ್ ಸೆಟ್‌ವಿಸಿಪಿ 10 40 ಅಂತ ಹೊಡೆಯಿರಿ. 10 ಅಂದರೆ ಬೆಳಕಿನ ಕೋಡ್, 40 ನಿಮಗೆ ಬೇಕಾದ ಮಟ್ಟ. ಹೆಸರು ಬರಲಿಲ್ಲ ಅಂದರೆ ಮಾನಿಟರಿನ ಬಟನ್ ಮೆನುವಿನಲ್ಲಿ ಡಿಡಿಸಿ ಸಿಐ ಆಫ್ ಆಗಿರಬಹುದು, ಆನ್ ಮಾಡಿ. ಹಳೇ ವಿಜಿಎ ಕೇಬಲ್ಲಾದರೂ ನಡೆಯುತ್ತದೆ, ಮಾನಿಟರ್ ಒಪ್ಪಿಕೊಳ್ಳಬೇಕಷ್ಟೆ. ಟಿವಿಯನ್ನೇ ಮಾನಿಟರ್ ಮಾಡಿಕೊಂಡವರಿಗೆ ಇದು ಸಾಮಾನ್ಯವಾಗಿ ಆಗೋದಿಲ್ಲ, ರಿಮೋಟ್ ಹುಡುಕಿಕೊಳ್ಳಿ.